ಕೊಡಪಾನದಲ್ಲಿ ಹದಿನೇಳು ಮರುವಾಯಿ

ಕಳೆದ ವಾರ ನಾನು ಹದಿನೇಳು ಜೀವ ತೆಗೆದೆ. ಅದೂ ಬಹಳ ಅಕ್ಕರೆಯಿಂದ.

ಗಾಬರಿ ಬೇಡ. ಮರುವಾಯಿ ಎಂಬ ಹೊಳೆಚಿಪ್ಪಿನ ಮರಿಗಳು, ಹುಣಸೆ ಬೀಜದಷ್ಟು. (ದೊಡ್ಡ ಮರುವಾಯಿಯ ಸುಕ್ಕ ಚಪ್ಪರಿಸಿ ತಿನ್ನುವವಳೇ ನಾನು. ಸುಳ್ಳು ಯಾಕೆ?)

ಚಂದ್ರಗಿರಿ ಹೊಳೆಯಲ್ಲಿ ತಿಮ್ಮಪ್ಪಣ್ಣ ಮರುವಾಯಿ ಬಾಚುತ್ತಾರೆ. ಉದ್ದ ಬಿದಿರಿನ ತುದಿಗೆ ಕಬ್ಬಿಣದ ಹಲ್ಲು, ಅದರ ಹಿಂದೆ ಬಲೆಯ ಚೀಲ. ತಳ ಬಾಚಿ ಎತ್ತಿದರೆ ಮರಿಗಳು, ಏಡಿ, ಪುಡಿಮೀನು ಎಲ್ಲವೂ ಬರುತ್ತವೆ. ಉಳಿದವರು ದೋಣಿ ತುಂಬಿಸಿಕೊಂಡು ಬಂದು ದಡದ ಬಿಸಿಲಲ್ಲಿ ಕೂತು ಬೇಕಾದ್ದನ್ನು ಆರಿಸುತ್ತಾರೆ. ಇವರು ಹಾಗಲ್ಲ. ಪ್ರತಿ ಸಲ ಎತ್ತಿದಾಗಲೂ ಬೇಡದ್ದನ್ನು ಅಲ್ಲೇ ನೀರಿಗೆ ಬಿಟ್ಟು, ಆಮೇಲೆಯೇ ಬಿದಿರು ಇಳಿಸುವುದು. ಅಷ್ಟರಲ್ಲಿ ಭರತ ಬಂದು ಸಮುದ್ರದ ನೀರು ಹೊಳೆಗೆ ಏರಿಬಿಡುತ್ತದೆ. ದೋಣಿ ಮುಕ್ಕಾಲೂ ತುಂಬುವುದಿಲ್ಲ.

ಹೆಂಡತಿ ಕಮಲಕ್ಕನಿಗೆ ಸಾಕಾಗಿತ್ತು. ಮರುವಾಯಿ ಕೊಳ್ಳಲು ಹೋದ ನನ್ನಲ್ಲಿ ದೂರಿದಳು.

“ಬಿಸಾಡಿದ್ದು ಹೇಗೂ ಸಾಯುದು ಟೀಚರ್. ಇವರದ್ದೆಂತ ಹುಚ್ಚು? ನೀವೇ ಸ್ವಲ್ಪ ಕೊಂಡುಹೋಗಿ ನೋಡಿ. ಮೂರು ದಿನದಲ್ಲಿ ಸತ್ತರೆ ಇವರೂ ದಡದಲ್ಲೇ ಆರಿಸಲಿ.”

ತಿಮ್ಮಪ್ಪಣ್ಣ ಒಪ್ಪಿದರು. ತಾನೂ ಒಂದು ಹಿಡಿ ಮರಿಗಳನ್ನು, ಏಡಿ, ಪುಡಿಮೀನಿನ ಜೊತೆ, ಹೊಳೆಯ ಮರಳು ಹಾಕಿದ ಬುಟ್ಟಿಯಲ್ಲಿಟ್ಟು ಹೊಳೆಯಲ್ಲಿ ಮುಳುಗಿಸಿಡುತ್ತೇನೆ ಎಂದರು. ಬುಟ್ಟಿಯ ಬಾಯಿ ಕಟ್ಟಿದವಳು ಕಮಲಕ್ಕನೇ.

ನನಗೋ ಜಡ್ಜ್ ಆದ ಖುಷಿ. ತೊಳೆದ ಕೊಡಪಾನ, ಆಗಷ್ಟೇ ಸೇದಿದ ನೀರು, ದಿನಕ್ಕೆರಡು ಸಲ ಬದಲಾವಣೆ. ಒಂದು ಚಿಟಿಕೆ ಅಕ್ಕಿಹಿಟ್ಟು ಕೂಡ! ಮೂರನೆಯ ದಿನ ಹದಿನೇಳೂ ಬಾಯಿ ಬಿಟ್ಟಿದ್ದವು. ವಾಸನೆ ಬೇರೆ.

ತಲೆ ತಗ್ಗಿಸಿ ದೋಣಿ ಕಟ್ಟುವ ಕಡವಿಗೆ ಹೋಗಿ ಹೇಳಿದೆ. ಕಮಲಕ್ಕ ಗೆದ್ದಿದ್ದಳು, ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ತಿಮ್ಮಪ್ಪಣ್ಣ ಕೇಳಿದ್ದು ಒಂದೇ.

“ಯಾವ ನೀರಲ್ಲಿ ಇಟ್ಟದ್ದು?”

ಬಾವಿಯದ್ದು, ಒಳ್ಳೆ ಸಿಹಿನೀರು ಎಂದೆ.

“ಅದು ಉಪ್ಪುನೀರಿನ ಜೀವ ಟೀಚರ್. ಪಾಯಸ ಮಾಡ್ಲಿಕ್ಕೆ ಹೊರಟದ್ದಾ ನೀವು?”

ಬುಟ್ಟಿ ಎಳೆದರು. ಕಮಲಕ್ಕ ಹಾಕಿದ ಗಂಟು ಹಾಗೆಯೇ ಇತ್ತು. ಒಳಗೆ ಬರೀ ಹೊಯಿಗೆ, ಅದೇ ಮರಳು. ಕಮಲಕ್ಕ ನನ್ನ ಮುಖ ನೋಡಿದಳು. ತಿಮ್ಮಪ್ಪಣ್ಣ ಬೆರಳಲ್ಲಿ ಕೆದಕಿದರು. ಒಂದು, ಎರಡು, ಐದು... ಎಲ್ಲ ಹೊಯಿಗೆಯೊಳಗೆ ಬಿಗಿಯಾಗಿ ಬಾಯಿ ಮುಚ್ಚಿ ಕೂತಿದ್ದವು! ಸತ್ತದ್ದು ಮೂರೇ. ಕಾಲು ಮುರಿದ ಏಡಿಯೊಂದು ನಮ್ಮತ್ತ ಕೊಂಬೆತ್ತಿತು. ಪುಡಿಮೀನು ಮಾತ್ರ ಒಂದೂ ಉಳಿದಿರಲಿಲ್ಲ. ಮೀನು ಉಳಿಸಲು ತನ್ನ ಕೈ ಎಷ್ಟು ಬೇಗ ಓಡಿದರೂ ಸಾಲದು ಎಂದರು ತಿಮ್ಮಪ್ಪಣ್ಣ.

ಒಂದು ಮರಿಯನ್ನು ತೆಳುನೀರಿನ ಹೊಯಿಗೆಯ ಮೇಲೆ ಇಟ್ಟರು. ಮೂವರೂ ಬಗ್ಗಿದೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚಿಪ್ಪಿನ ಸಂದಿಯಿಂದ ಬಿಳಿ ನಾಲಿಗೆಯಂಥದ್ದು ಹೊರಬಂತು. ಹೊಯಿಗೆಯನ್ನು ಮುಟ್ಟಿ ನೋಡಿತು, ಒಳಗೆ ತೂರಿತು. ಮರಿ ನೆಟ್ಟಗೆ ನಿಂತಿತು. ಇಳಿಯಿತು. ಆ ಜಾಗದಲ್ಲಿ ಸೂಜಿಮೊನೆಯಷ್ಟು ಎರಡು ತೂತು, ಅಷ್ಟೇ.

ಕಣ್ಣಿಲ್ಲ, ಕಾಲಿಲ್ಲ. ಬಾಚಿ ಎತ್ತಿ, ಬುಟ್ಟಿಯಲ್ಲಿ ಕಟ್ಟಿಟ್ಟರೂ ಮನೆ ಯಾವ ಕಡೆ ಎಂದು ಅದಕ್ಕೆ ಹೇಳಿದವರು ಯಾರು?

ಕಮಲಕ್ಕ ಇನ್ನಷ್ಟು ಬಗ್ಗಿದಳು. “ಇನ್ನೊಂದು ಇಡಿ, ನೋಡುವ” ಎಂದಳು.

ಮರುದಿನ ಅವಳೂ ದೋಣಿ ಹತ್ತಿದಳಂತೆ. ಇಬ್ಬರು ಆರಿಸಿದರೆ ಬೇಗ ಮುಗಿಯುತ್ತದಲ್ಲ?

ಇನ್ನು ಯಾರೇ ನನ್ನನ್ನು ತೀರ್ಪಿಗೆ ಕರೆದರೂ, ಮೊದಲು ಕೇಳುವುದು ಒಂದೇ: ಯಾವ ನೀರಲ್ಲಿ ಇಟ್ಟು ನೋಡಿದ್ದು?