ಅಮ್ಮ ಬೇಡ ಅನ್ನಲಿಲ್ಲ

ವಿಮಲಾ, ನಿನ್ನ ಬಾಣಂತನದಲ್ಲಿ ನಿನ್ನನ್ನು ಹೊಸಿಲು ದಾಟಲು ಬಿಡದವಳು ಅಮ್ಮ ಅಲ್ಲ. ನಾನು, ನಿನ್ನ ಅಕ್ಕ. ಇಷ್ಟು ವರ್ಷ ನೀನು ಅಮ್ಮನ ಮೇಲೆ ಹಲ್ಲು ಮಸೆದೆ — ಅದನ್ನು ನೋಡುತ್ತಾ ನಾನು ಸುಮ್ಮನಿದ್ದೆ.

ನಿನ್ನನ್ನು ತಡೆದ ಆ ದಿನ ಬೆಳಿಗ್ಗೆ ಟಿ. ನರಸೀಪುರದಲ್ಲಿ ನರ್ಸುಗಳಿಗೂ ಆಶಾ ಕಾರ್ಯಕರ್ತೆಯರಿಗೂ ಪಾಠ ಮಾಡಿ ಬಂದಿದ್ದೆ. ಡಾಕ್ಟರಮ್ಮನಲ್ಲವೇ ನಾನು! ಖಿನ್ನತೆಗೆ ಮಾತ್ರೆ, ಆಪ್ತಸಲಹೆಯ ಜೊತೆಗೆ ನಡಿಗೆ, ವ್ಯಾಯಾಮವೂ ಚಿಕಿತ್ಸೆಯೇ, ಅದಕ್ಕೆ ಪುರಾವೆ ಇದೆ, ಬಾಯಿಮಾತಿಗೆ ಹೇಳಿ ಕಳಿಸಬೇಡಿ, ಜೊತೆಯಲ್ಲಿ ನಿಂತು ಮಾಡಿಸಿ ಅಂತ. ಚಪ್ಪಾಳೆ ಬೇರೆ. ಸಂಜೆ ನಂಜನಗೂಡಿನ ಮನೆಗೆ ಬಂದರೆ, ನೀನು ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗು ಅತ್ತರೂ ತಿರುಗದೆ, ಗೋಡೆ ನೋಡುತ್ತಾ ಮಲಗಿದ್ದೆ. "ಅಕ್ಕಾ, ಹೊಳೆ ದಂಡೆ ತನಕ ನಡ್ಕೊಂಡು ಹೋಗಿ ಬರ್ಲಾ? ಉಸಿರು ಕಟ್ಟುತ್ತೆ" ಅಂದೆ.

ನಾನು ಅಡುಗೆಮನೆಗೆ ಹೋದೆ. ಅಮ್ಮ ನಿನಗೆ ಮೆಣಸಿನ ಸಾರು ಕುದಿಸುತ್ತಿದ್ದಳು. ಅವಳೇ ಮೊದಲು ಕೇಳಿದಳು: "ನೀನು ಓದ್ದೋಳು, ನೀನೇ ಹೇಳೇ. ನಮ್ಮ ಕಾಲದ್ದು ಹಾಳಾಗ್ಹೋಗ್ಲಿ. ಒಂಚೂರು ಓಡಾಡ್ಕೊಂಡು ಬಂದ್ರೆ ಮಗು ಮುಖ ನೋಡ್ತಾಳೇನೋ. ನಂಗೆ ಭಯ ಆಗ್ತಿದೆ ಕಣೇ."

"ಬೇಡಮ್ಮ. ಬಾಣಂತಿ ಗಾಳಿಗೆ ಹೋಗ್ಬಾರ್ದು ಅಂತ ನೀನೇ ಹೇಳ್ಬಿಡು."

ಅಮ್ಮ ಅದನ್ನೇ ತನ್ನ ಮಾತಾಗಿ ನಿನಗೆ ಹೇಳಿದಳು. ನಾನು ಯಾಕೆ ಹಾಗಂದೆ? ಬಾಣಂತಿ ಬೀದಿಗೆ ಇಳಿದರೆ ನಾಲ್ಕು ಜನ ಕೇಳುತ್ತಾರೆ. ಕೇಳಿದರೆ ಕಾಯಿಲೆಯ ಹೆಸರು ಹೇಳಬೇಕು. ಡಾಕ್ಟರಮ್ಮನ ತಂಗಿಗೇ ತಲೆ ಕೆಟ್ಟಿದೆಯಂತೆ — ಆ ಮಾತು ನನಗೆ ಬೇಡವಾಗಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನಗೆ ನಾಚಿಕೆಯಾಗುತ್ತದೆ.

ಆಮೇಲಿನದು ನಿನಗೇ ಗೊತ್ತು. ಮೈಸೂರಿನ ಆಸ್ಪತ್ರೆ, ಮಗುವಿಗೆ ಬಾಟಲಿ ಹಾಲು, ಆ ತಿಂಗಳುಗಳು... ನಡೆದಾಡಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ಹೇಳಲಾರೆ. ಆದರೆ ನೀನು ಬಾಯಿಬಿಟ್ಟು ಕೇಳಿದ್ದೆ, ನಾನು ತಿಳಿದೂ ತಿಳಿದೂ ತಡೆದೆ. ವಾಸಿಯಾದ ಮೇಲೆ ನೀನು ಅಮ್ಮನಿಗೆ, "ನಿನ್ನ ಶಾಸ್ತ್ರ ನನ್ನ ಜೀವ ತಿಂತು" ಅಂದು ತವರು ಬಿಟ್ಟು ಹೋದೆ. ಅಮ್ಮ ನನ್ನ ಮುಖ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ನಾನೂ —

ಹೋದ ವಾರದ ತರಬೇತಿಯಲ್ಲಿ ಒಬ್ಬರು ನರ್ಸ್ ಎದ್ದು, "ಬಾಣಂತೀರ್ಗೂ ಇದ್ನ ಹೇಳ್ಬೋದಾ ಮೇಡಂ? ಮನೇಲಿ ಹಿರೀರು ಬಿಡಲ್ವಲ್ಲ" ಅಂದರು. ಹೇಳಬಹುದು, ಹಿರಿಯರನ್ನೂ ಕೂರಿಸಿಕೊಂಡು ಹೇಳಿ, ಅವರು ಕೇಳುತ್ತಾರೆ ಅಂದೆ. ಆಮೇಲೆ ನನಗೆ ಪಾಠ ಮುಂದುವರಿಸಲು ಆಗಲಿಲ್ಲ.

ಅಮ್ಮನಿಗೆ ಈಗ ವಯಸ್ಸಾಗಿದೆ, ವಿಮಲಾ. ಫೋನ್ ಬಂದಾಗಲೆಲ್ಲ ಯಾರದು ಎಂದು ಕೇಳುತ್ತಾಳೆ. ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಮಾತು ಬಿಡುವುದಾದರೆ ನನ್ನ ಜೊತೆ ಬಿಡು. ಅವಳಿಗೆ ಇವತ್ತೇ ಫೋನ್ ಮಾಡು.