ನೀಲಿಯಾದ ಕೂವೆ ಹುಡಿ

ಸಂಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅರ್ಧಂಬರ್ಧ ಕಲಿತ ನನ್ನಂಥವರು ಪಿಷ್ಟದ ಬಗ್ಗೆ ಬರೆಯಹೊರಡುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ತಿಳಿದವರು ತಿದ್ದಿ ಕ್ಷಮಿಸಬೇಕು. ಆದರೆ ಕನ್ಯಾನದ ಸರಸಕ್ಕನ ವಿಷಯವನ್ನು ಪಿಷ್ಟ ಬಿಟ್ಟು ಹೇಳಲಿಕ್ಕೆ ಬರುವುದಿಲ್ಲ.

ಬೆಳಕು ಹರಿಯುವ ಮೊದಲೇ ಸರಸಕ್ಕ ಬಾವಿಕಟ್ಟೆಯ ಪಕ್ಕ ಕೂತು ಕೂವೆಗೆಡ್ಡೆ ಉಜ್ಜುತ್ತಿದ್ದಾರೆ. ಮೊಳೆಯಿಂದ ತೂತು ಹೊಡೆದ ತಗಡು ಅತ್ತೆಯ ಕಾಲದ್ದು. ಬೆರಳ ಗೆಣ್ಣುಗಳು ಸುಲಿದಿವೆ. ಉಜ್ಜಿದ್ದನ್ನು ಬಟ್ಟೆಯಲ್ಲಿ ಹಿಂಡಿ ನೀರಿಗೆ ಬಿಡಬೇಕು, ಹುಡಿ ತಳಕ್ಕೆ ಕೂತ ಮೇಲೆ ಮೇಲಿನ ನೀರು ಚೆಲ್ಲಬೇಕು, ಮತ್ತೆ ಹೊಸ ನೀರು. ತಡವಾದರೆ ಹುಳಿ ವಾಸನೆ. ಹತ್ತು ಕಿಲೋ ಗೆಡ್ಡೆಗೆ ಒಂದು ಕಿಲೋ ಹುಡಿ ಸಿಕ್ಕಿದರೆ ಪುಣ್ಯ. ಎಳೆಮಕ್ಕಳಿಗೆ ಕಾಯಿಸಿ ಉಣಿಸುವ ಮಣ್ಣಿಗೆ, ಭೇದಿಯಾದವರ ಗಂಜಿಗೆ ವಿಟ್ಲದಿಂದ ಮೆಲ್ಕಾರ್‌ವರೆಗಿನ ಮನೆಗಳು ಇವರ ಹುಡಿಯನ್ನೇ ಕೇಳುತ್ತವೆ.

ನಿನ್ನೆ ಇಟ್ಟ ಪಾತ್ರೆಯ ನೀರು ಆಗಲೇ ತಿಳಿಯಾಗಿದೆ. ಆದರೂ ಅವರು ಬಗ್ಗಿ ನೋಡುತ್ತಾರೆ, ಚೆಲ್ಲುತ್ತಾರೆ, ಮತ್ತೆ ಸೇದುತ್ತಾರೆ. ಈ ಚಡಪಡಿಕೆ ಮೆಲ್ಕಾರ್‌ನ ನಿಖಿತಾಳ ಫೋನಿನಿಂದ ಶುರುವಾದದ್ದು.

ಹಾಲಿಗೆ ಅಯೋಡಿನ್ ಹನಿಸಿ ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ ಎಂದು ತಿಳಿಯುವ ವಿಡಿಯೋ ಒಂದನ್ನು ಆಕೆ ನೋಡಿದ್ದಳು. ಮಗುವಿನ ಕೂವೆ ಹುಡಿಗೂ ಹನಿಸಿದಳು.

“ಕಡುನೀಲಿ ಆಯ್ತು ಸರಸಕ್ಕ. ಎಂತ ಬೆರೆಸಿದ್ದು ನೀವು?”

“ಎಂತದೂ ಇಲ್ಲ ಮಗ,” ಎಂದರು ಸರಸಕ್ಕ. ಹೇಳಿದ ಮೇಲೆ ಯಂತ್ರದ ನೆನಪಾಯಿತು. ಕಳೆದ ವರ್ಷದಿಂದ ಅವರು ಗೆಡ್ಡೆ ತುರಿಸುತ್ತಿದ್ದದ್ದು ನೆರೆಯ ಡೊಂಬಯ್ಯನ ಯಂತ್ರದಲ್ಲಿ. ಅದೇ ಯಂತ್ರದಲ್ಲಿ ಆತ ಹಪ್ಪಳಕ್ಕೆ ಮರಗೆಣಸು ತುರಿಯುತ್ತಾನೆ.

“ತೊಳೆದೇ ಕೊಡುದು ಮಾರಾಯ್ತಿ. ನನ್ನ ಮೋರೆಗಿಂತ ಚಂದ ತೊಳೀತೇನೆ,” ಎಂದ ಡೊಂಬಯ್ಯ, ಅವರು ಹೋಗಿ ಕೇಳಿದಾಗ.

“ನಿನ್ನ ಮೋರೆ ನೋಡಿಯೇ ನನಗೆ ಹೆದರಿಕೆ,” ಎಂದರು ಸರಸಕ್ಕ.

ಹುಡಿಯ ಡಬ್ಬಿ ಹಿಡಿದು ಅವರು ಬಸ್ಸು ಬದಲಿಸಿ ಬದಲಿಸಿ ಮೂಡುಬಿದಿರೆಗೆ ಹೋದರು. ನಿಖಿತಾಳಿಗೆ ರಸಾಯನಶಾಸ್ತ್ರ ಕಲಿಸಿದ ಜಿನೇಶ್ ಇರುವುದು ಅಲ್ಲಿ. ಜಿನೇಶ್ ತಮ್ಮ ಬುತ್ತಿಯ ಅನ್ನಕ್ಕೇ ಒಂದು ಹನಿ ಬಿಟ್ಟರು. ನೀಲಿ.

“ನೋಡಿ ಅಕ್ಕ, ನನ್ನ ಹೆಂಡತಿಯೂ ಕಲಬೆರಕೆ ಮಾಡಿದ್ದಾಳೆ,” ಎಂದು ನಕ್ಕರು. ಹಾಲಿನಲ್ಲಿ ಪಿಷ್ಟ ಇರಬಾರದು, ಕೂವೆ ಹುಡಿಯಾದರೋ ಇಡೀ ಪಿಷ್ಟವೇ. ಪಿಷ್ಟದಲ್ಲಿ ಸಕ್ಕರೆಯ ಕಣಗಳು ಸರಪಳಿಯಾಗಿ, ಸುರುಳಿ ಸುತ್ತಿಕೊಂಡಿರುತ್ತವೆ. ಆ ಸುರುಳಿಯ ಹೊಟ್ಟೆಯೊಳಗೆ ಅಯೋಡಿನ್ ಹೋಗಿ ಕೂತಾಗ ಬರುವುದೇ ಆ ನೀಲಿ. ಬಣ್ಣವನ್ನು ಕಂಡ ಮೇಲೆ ಅದರ ಕಾರಣ ತಿಳಿಯಲು ವಿಜ್ಞಾನಿಗಳಿಗೇ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂದರು ಜಿನೇಶ್.

ಸರಸಕ್ಕನಿಗೆ ನಗು ಬರಲಿಲ್ಲ. “ಮರಗೆಣಸೂ ನೀಲಿಯಾ?”

“ಅದೂ ನೀಲಿಯೇ.”

“ಹಾಗಾದ್ರೆ ಬೆರೆತದ್ದು ಉಂಟಾ ಇಲ್ವಾ ಅಂತ ಇದರಲ್ಲಿ ಗೊತ್ತಾಗುದಿಲ್ಲ.”

ಜಿನೇಶ್ ಗಂಭೀರರಾದರು. “ಸೂಕ್ಷ್ಮದರ್ಶಕದಲ್ಲಿ ಹುಡಿಯ ಕಾಳಿನ ಆಕಾರ ನೋಡಿ ಹೇಳಬಹುದೋ ಏನೋ. ಆದರೆ ಹೋಲಿಸಲಿಕ್ಕೆ ಪೂರಾ ಕೂವೆಯೇ ಅಂತ ಖಾತ್ರಿ ಇರುವ ಹುಡಿ ಬೇಕು. ಅದು ನನ್ನಲ್ಲಿಲ್ಲ.”

“ನನ್ನಲ್ಲೂ ಇಲ್ಲ,” ಎಂದರು ಸರಸಕ್ಕ.

ಅದಕ್ಕೇ ಈಗ ಅತ್ತೆಯ ತಗಡು ಅಟ್ಟದಿಂದ ಇಳಿದಿದೆ. ಹೊತ್ತು ಏರುವಾಗ ನಿಖಿತಾ ಮತ್ತೆ ಫೋನ್ ಮಾಡುತ್ತಾಳೆ. “ಸರ್ ಹೇಳಿದ್ರು, ತಪ್ಪು ನನ್ನದೇ. ಡಬ್ಬಿಯಲ್ಲಿ ಇದ್ದದ್ದನ್ನೇ ಕಳಿಸಿ ಅಕ್ಕ, ಮಗುವಿಗೆ ಮುಗೀತು.”

“ಅದನ್ನು ಕೊಡುದಿಲ್ಲ. ಕೈಯಲ್ಲಿ ಉಜ್ಜಿದ್ದು ಒಣಗಲಿ, ನಾನೇ ತರ್ತೇನೆ. ಅಷ್ಟರವರೆಗೆ ರಾಗಿ ಮಣ್ಣಿ ಮಾಡಿ ಕೊಡು.”

ಫೋನಿಟ್ಟು ಮತ್ತೆ ನೀರು ಚೆಲ್ಲುತ್ತಾರೆ. ಒಣಗಿದ ಮೇಲೆ ಎರಡೂ ಹುಡಿಯನ್ನು ಮೂಡುಬಿದಿರೆಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿಸಬೇಕು ಎಂಬುದೊಂದೇ ಅವರ ಆಸೆ.

ಡಬ್ಬಿಯಲ್ಲಿರುವುದರ ಸಂಗತಿ ಆಗ ತಿಳಿದರೂ ತಿಳಿಯಬಹುದು. ಕಳೆದ ವರ್ಷ ಮಾರಿದ ಹುಡಿಯಲ್ಲಿ ಏನಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯುವಂತಿಲ್ಲ. ಅದನ್ನು ಮಕ್ಕಳು ಉಂಡು ಮುಗಿಸಿದ್ದಾರೆ.