ಹೋಗುಬೇಡ

ಕಾಪು ಬೀಚಿನಲ್ಲಿ ಅಲೆಗಳಿಗೆ ಸ್ಪ್ಯಾನಿಶ್‌ನಲ್ಲಿ ಅಪ್ಪಣೆ ಹೊರಡಿಸಿದ ಮೊದಲ ಕಾರ್ಕಳದವ ನಾನು.

ಎಂಬತ್ತರ ದಶಕ, ಮಣಿಪಾಲದ ಹಾಸ್ಟೆಲು. ರೂಮ್‌ಮೇಟ್ ರಫಾಯೆಲ್, ಪನಾಮಾದವನು. ಅವನು ನನಗೆ ಸ್ಪ್ಯಾನಿಶ್ ಗುರು, ನಾನು ಅವನಿಗೆ ಕನ್ನಡದ ಪಂಡಿತ.

ಸ್ಪ್ಯಾನಿಶ್‌ನಲ್ಲಿ ಬಾ ಎಂದರೆ 'ಬೆನ್'. ಹಾಗಾದರೆ ಬರಬೇಡ ಎಂದರೆ 'ನೋ ಬೆನ್' ಅಲ್ವಾ? ಪ್ಯಾಂಟ್ ಮಡಚಿ, ಕೈ ಎತ್ತಿ, ಸಮುದ್ರಕ್ಕೆ ಬಹಳ ಗಂಭೀರವಾಗಿ ಹಾಗೆಯೇ ಆಜ್ಞಾಪಿಸಿದೆ. ಅಲೆ ಬಂದು ಸೊಂಟದವರೆಗೆ ಒದ್ದೆ ಮಾಡಿತು.

ರಫಾಯೆಲ್ ನಕ್ಕು ನಕ್ಕು ಮರಳಿನಲ್ಲಿ ಕೂತ. ಬೇಡ ಎನ್ನುವಾಗ ಕ್ರಿಯಾಪದದ ರೂಪವೇ ಬದಲಾಗಬೇಕಂತೆ... 'ನೋ ಬೆಂಗಾಸ್'. ಅದು ಸಬ್‌ಜಂಕ್ಟಿವ್ ಅಂತೆ. ಹಾರೈಸುವುದಕ್ಕೂ ಅದೇ ರೂಪವಂತೆ.

ನಮ್ಮಲ್ಲಿಯೂ ಬದಲಾಗುತ್ತದೆ ಎಂದೆ. ನೀನು 'ಹೋಗುಬೇಡ' ಅನ್ನುತ್ತೀಯಲ್ಲ, 'ಹೋಗಬೇಡ' ಅನ್ನು ಮಾರಾಯ. ದಿನಕ್ಕೆ ಹತ್ತು ಸಲ ತಿದ್ದಿದರೂ ಅವನ ಬಾಯಲ್ಲಿ ಆ 'ಉ' ಹೋಗಲೇ ಇಲ್ಲ.

ಅವರ ಹೋಗಬೇಡ, 'ನೋ ತೆ ಬಾಯಾಸ್'. ಹೋಗುವುದರ ಒಳಗೂ ಒಂದು 'ಬಾ' ಇಟ್ಟ ಮರ್ಯಾದಸ್ಥ ಭಾಷೆ ಎಂದು ತೀರ್ಪು ಕೊಟ್ಟೆ.

ಈ ಸಲ ಅಲೆಗೆ ತಪ್ಪಿಲ್ಲದೆ 'ನೋ ಬೆಂಗಾಸ್' ಎಂದೆ. ಮತ್ತೂ ಬಂತು.

"ಗ್ರಾಮರ್ ಸರಿ ಉಂಟು," ಎಂದ ರಫಾಯೆಲ್. "ಅಲೆ ಕೇಳುವುದಿಲ್ಲ, ಅಷ್ಟೇ."

ಪರೀಕ್ಷೆಯ ಸಮಯಕ್ಕೆ ಅವನ ತಂಗಿಯ ಟೆಲಿಗ್ರಾಂ ಬಂತು. ತಾಯಿ ಆಸ್ಪತ್ರೆಯಲ್ಲಿ... ನೀನು ಹೊರಟು ಬರುವಷ್ಟು ಸಮಯ ಇಲ್ಲ, ಫೋನ್ ಮಾಡು.

ಬಸ್ಸಿನಲ್ಲಿ ಉಡುಪಿಗೆ ಬಂದು ಟೆಲಿಫೋನ್ ಆಫೀಸಿನಲ್ಲಿ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆವು. ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವ ನನಗೆ ಆ ದಿನ ಒಂದೂ ಹೊಳೆಯಲಿಲ್ಲ.

ಸಂಜೆ ಲೈನ್ ಸಿಕ್ಕಿತು. ಅಲ್ಲಿ ತಂಗಿ ರಿಸೀವರನ್ನು ತಾಯಿಯ ಕಿವಿಗೆ ಹಿಡಿದಿದ್ದಾಳೆ. ತಾಯಿಗೆ ಮಾತು ಹೊರಡುವುದಿಲ್ಲ. ನಾನು ಬೂತಿನ ಬಾಗಿಲಿನಲ್ಲಿ ನಿಂತಿದ್ದೇನೆ.

"ನೋ ತೆ ಬಾಯಾಸ್, ಮಮಾ."

ಮತ್ತೆ ಅದೇ. ಮತ್ತೆ ಅದೇ. ಈ ದರಿದ್ರ ವ್ಯಾಕರಣ ನನಗೆ ಅರ್ಥವಾಗುತ್ತದೆ.

ಆಮೇಲೆ ತಂಗಿ ಏನೋ ಹೇಳಿದಳು. ತಾಯಿ ತುಂಬಾ ನರಳುತ್ತಿದ್ದರಂತೆ, ಅದು ನನಗೆ ಗೊತ್ತಾದದ್ದು ಮತ್ತೆ. ಅವನು ಗೋಡೆಗೆ ಹಣೆ ಒತ್ತಿಕೊಂಡು, ಮಗುವನ್ನು ಮಲಗಿಸುವ ಸ್ವರದಲ್ಲಿ ಹೇಳಿದ...

"ಕೆ ತೆ ಬಾಯಾಸ್ ಎನ್ ಪಾಸ್."

ನೆಮ್ಮದಿಯಿಂದ ಹೋಗುವಂತಾಗಲಿ. ಅದೇ ಬಾಯಾಸ್. ಮೊದಲಿನ 'ನೋ' ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ರಿಸೀವರಿನಿಂದ ತಂಗಿಯ ಅಳು ನನಗೂ ಕೇಳಿತು.

ಅವನು ಹೊರಗೆ ಬಂದ, ಇಬ್ಬರೂ ಮತ್ತೆ ಬೆಂಚಿನ ಮೇಲೆ ಕೂತೆವು. ಕನ್ನಡದಲ್ಲಿಯೇ ಹೇಳಿದ.

"ಹೋಗುಬೇಡ ಅಂದೆ. ಕೇಳಲಿಲ್ಲ."

ಆ ಒಂದು ಸಲ ನಾನು ತಿದ್ದಲಿಲ್ಲ.